ಜೋಡಿಗಲ್ಲಿನ ಬಲಗೈ

ಮಗ ಕಲ್ಲು ತೋರಿಸಲು ಕರೆದುಕೊಂಡು ಹೋಗುತ್ತೇನೆಂದಿದ್ದ ದಿನದ ಹಿಂದಿನ ರಾತ್ರಿಯೂ ಭಾರತಮ್ಮನಿಗೆ ಚೆನ್ನಾಗಿ ನಿದ್ದೆ ಬಂದಿತ್ತು. ಅದೇ ಅವಳಿಗೆ ಬೇಸರ. ಗಂಡ ವೆಂಕಟರಾಯಪ್ಪ ಹೋಗಿ ವರ್ಷ ತುಂಬುತ್ತಾ ಬಂದಿತ್ತು. ಬರುವ ವಾರ ವರ್ಷದ ತಿಥಿ. ಅವರನ್ನು ಮಣ್ಣು ಮಾಡಿದ ಹೊಲದ ಮೂಲೆಯಲ್ಲಿ, ಸಮಾಧಿಯ ತಲೆಯ ಕಡೆ, ಅವತ್ತು ಒಂದು ಕೆತ್ತನೆಯ ಕಲ್ಲು ನಿಲ್ಲಿಸಬೇಕೆಂದು ಮಗ ಮುರಳಿಮೋಹನ ತಿಂಗಳುಗಟ್ಟಲೆ ಓಡಾಡಿದ್ದ. ಗಂಡನನ್ನು ಕಳೆದುಕೊಂಡ ಊರಿನ ಹೆಂಗಸರೆಲ್ಲ, ಬೆಳಗಿನ ಜಾವಕ್ಕೆ ಎಚ್ಚರ ಆಗುತ್ತೆ, ಪಕ್ಕದಲ್ಲಿ ತಡವಿ ನೋಡ್ತೀವಿ, ಆಮೇಲೆ ಕಣ್ಣು ಮುಚ್ಚಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಇವಳಿಗೆ ದಿಂಬಿಗೆ ತಲೆ ಕೊಟ್ಟದ್ದಷ್ಟೇ ಗೊತ್ತು. ಸೊಸೆ ಸುನಂದ ಬಾಗಿಲು ತಟ್ಟಿ, ಅತ್ತೆ ಹಾಲಿಗೆ ಹೊತ್ತಾಯ್ತು ಅಂದಾಗಲೇ ಎಚ್ಚರ. ನಾಚಿಕೆಯಾಗಿ, ಎದ್ದೇ ಇದ್ದೆ ಕಣಮ್ಮ, ಸುಮ್ಮನೆ ಬಿದ್ದುಕೊಂಡಿದ್ದೆ ಎಂದು ಸುಳ್ಳು ಹೇಳುವಳು. ಡೇರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಯಾರಾದರೂ ಪಾಪ, ಅರ್ಧ ಆಗೋಗಿದೀಯ ಭಾರತಕ್ಕ ಅಂದರೆ, ಏನೋ ಹಿಂಗಿದೀನಿ ಎನ್ನುತ್ತ ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುವಳು. ರವಿಕೆಯ ತೋಳುಗಳು ಈ ವರ್ಷ ಬಿಗಿಯಾಗಿದ್ದವು. ಒಳ್ಳೇ ಪಾಡಾಯಿತಲ್ಲ ತನ್ನದು, ಅಡುಗೆಮನೆಯಲ್ಲಿ ಕದ್ದು ತಿಂದವಳ ಹಾಗೆ ಬದುಕೋದು ಅಂದುಕೊಳ್ಳುವಳು.

ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು, ಪೊರೆ ಬಿಡುವ ತನಕ ಸೊಪ್ಪು ಮುಟ್ಟುವುದಿಲ್ಲ, ಹಾಗಾಗಿ ಬಿಡುವಿತ್ತು. ಕಾರಿನ ಮುಂದೆ ಮುರಳಿ ಮತ್ತು ಸುನಂದ, ಹಿಂದಿನ ಸೀಟಿನಲ್ಲಿ ಇವಳೊಬ್ಬಳೇ. ಹೋಳೂರು ದಾಟಿದ ಮೇಲೆ ಕಿಟಕಿಯ ಗಾಜು ಇಳಿಸಿದಳು. ಇಳಿಸುವಾಗ ಬೆರಳು ಒಂದು ಗಳಿಗೆ ತಡೆಯಿತು. ಬಸ್ಸಾಗಲಿ ಕಾರಾಗಲಿ, ಕಿಟಕಿ ತೆಗೆದರೆ ಅವರಿಗೆ ಆಗುತ್ತಿರಲಿಲ್ಲ, ಧೂಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ಬರದಿದ್ದರೂ ಲೇ, ಮುಚ್ಚು ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ, ಸಂತೆಗೆ ಹೋದರೆ ಇವಳಿಗೆಂದು ಹುರಿಗಡಲೆ ಕಟ್ಟಿಸಿಕೊಂಡು ಬರುವುದನ್ನು ಮರೆತವರಲ್ಲ. ಆದರೆ ಕರೆಯುತ್ತಿದ್ದರು. ಹಾಸಿಗೆ ಹಿಡಿದ ಕೊನೆಯ ಎರಡು ವರ್ಷ ಮಾತ್ರವಲ್ಲ, ಮದುವೆಯಾದಂದಿನಿಂದಲೂ ಕರೆಯುತ್ತಲೇ ಇದ್ದರು. ಟವಲು ಎಲ್ಲಿ, ನೀರು ಕೊಡು, ಹೊರಗೆ ಯಾರದು ನೋಡು, ಎಲ್ಲಿ ಸತ್ಯೋ. ಹಿತ್ತಲಲ್ಲಿ ಕೂತ ಗಳಿಗೆಯಲ್ಲೂ ಆ ದನಿ ಬೆನ್ನಿಗೆ ತಾಗುತ್ತಿತ್ತು. ಒಂದು ಸಲ, ಕೈಕಾಲು ಬಿದ್ದುಹೋದ ಮೇಲೆ, ಅನ್ನ ಕಲಸಿ ಬಾಯಿಗಿಡುತ್ತಿದ್ದಾಗ, ನಾನು ಹೋದ್ರೆ ನೀನೇನ್ ಮಾಡ್ತೀಯ ಎಂದು ಕೇಳಿದ್ದರು. ಅಳಲಿ ಎಂದು ಕೇಳಿದ್ದು. ಆ ಪ್ರಶ್ನೆಯಲ್ಲಿ ಅವರಿಗೆ ಒಂದು ರುಚಿಯಿತ್ತು. ಇವಳ ಬಾಯಿಂದ ತಾನೇ ತಾನಾಗಿ, ನಿದ್ದೆ ಮಾಡ್ತೀನಿ ಎಂದು ಬಂದುಬಿಟ್ಟಿತು. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಕರೆಯಲು ಶುರುಮಾಡಿದರು, ಇವಳಿಗೆ ಸಮಾಧಾನವೇ ಆಯಿತು. ಕೋಲಾರದ ಹತ್ತಿರ ಟೊಮೆಟೊ ಲಾರಿಗಳ ಹಿಂದೆ ಕಾರು ನಿಂತಿತು. ಬಿಸಿಲಿಗೆ ಬೆಂದ ಟೊಮೆಟೊ ವಾಸನೆ ಒಳಗೆ ತುಂಬಿಕೊಂಡಿತು. ಗಾಜು ಏರಿಸಲಾ ಅಮ್ಮ ಎಂದ ಮುರಳಿ. ಬೇಡ ಇರಲಿ ಬಿಡು ಎಂದಳು.

ಮಾಲೂರಿನ ಆಚೆ, ರಸ್ತೆಗೆ ಒತ್ತಿಕೊಂಡಂತೆ ತಗಡಿನ ಶೆಡ್ಡು. ಹೊರಗೆ ಅರ್ಧ ಮುಗಿದ ಗಣಪತಿಗಳು, ಕಣ್ಣು ತೆರೆಯದ ಆಂಜನೇಯರು, ಯಾರೋ ರಾಜಕಾರಣಿಯ ಎದೆಯ ತನಕದ ಮೂರ್ತಿ, ಎಲ್ಲದರ ಮೇಲೂ ಒಂದೇ ಬಿಳಿ ಪುಡಿ. ಕೆತ್ತುವವನ ಹೆಸರು ಕದಿರೇಶ್. ತಲೆಗೆ ಟವಲು ಸುತ್ತಿದ್ದ ಸಣಕಲು ಮನುಷ್ಯ, ಬನ್ನಿ ಅಮ್ಮಾ ಎಂದು ಕೈ ಒರೆಸಿಕೊಂಡ. ಮುರಳಿ ಕೋಲಾರದಲ್ಲಿ ಕಾಲೇಜು ಮೇಷ್ಟ್ರು, ದಿನಾ ನೂರು ಹುಡುಗರ ಮುಂದೆ ನಿಂತು ಮಾತಾಡುವವನು, ಆದರೆ ಒದ್ದೆ ಗೋಣಿ ಹೊದ್ದು ನಿಂತಿದ್ದ ಕಲ್ಲಿನ ಪಕ್ಕ ನಿಂತಾಗ ಅವನ ಮುಖ ಮೂರನೇ ಕ್ಲಾಸಿನ ಹುಡುಗನ ಮುಖವಾಗಿತ್ತು. ಸ್ಲೇಟಿನ ಮೇಲೆ ಆನೆ ಬರೆದುಕೊಂಡು ಬಂದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಲ್ಲುತ್ತಿದ್ದನಲ್ಲ, ಅದೇ ಮುಖ. ಹೇಳ್ಬಾರ್ದು ಅಂತಿದ್ದೆ ಅಮ್ಮ, ನೀನೇ ನೋಡು ಎಂದು ಗೋಣಿ ಎಳೆದ. ಕರಿಕಲ್ಲಿನ ಮೇಲೆ ಸೂರ್ಯ ಚಂದ್ರ. ಕೆಳಗೆ ಪೇಟ ಕಟ್ಟಿದ ವೆಂಕಟರಾಯಪ್ಪ, ಹುಬ್ಬಿನ ನಡುವಿನ ಸಿಡುಕು ಕೂಡ ಸರಿಯಾಗಿ ಬಂದಿತ್ತು. ಅವರ ಎಡಕ್ಕೆ ಅವಳು. ಮುರಳಿಯ ಮದುವೆಯ ಫೋಟೋದಿಂದ ಎತ್ತಿದ ಮುಖ, ಮೂಗುಬೊಟ್ಟು, ಹಣೆಯಲ್ಲಿ ಕಾಸಿನಗಲ ಕುಂಕುಮ. ಅವಳ ಬಲಗೈ ಮೊಳಕೈಯಲ್ಲಿ ಮಡಿಸಿ ಮೇಲಕ್ಕೆ ಎದ್ದಿತ್ತು. ಮೊಳಕೈಯಿಂದ ಮಣಿಕಟ್ಟಿನ ತನಕ ಬಳೆ, ಅಗಲಿಸಿದ ಬೆರಳುಗಳ ನಡುವೆ ಒಂದು ನಿಂಬೆಹಣ್ಣು.

ನಮ್ಮ ಹೊಲದ ಜೋಡಿಗಲ್ಲಿನ ಥರಾನೇ, ಫೋಟೋ ಹೊಡ್ಕೊಂಡು ಬಂದು ಕೊಟ್ಟೆ, ಸೇಮ್ ಅದೇ ಅಳತೆ ಎನ್ನುತ್ತಿದ್ದ ಮುರಳಿ. ಅಷ್ಟು ಹಳೇ ಕಲ್ಲು ನಮ್ಮ ಜಮೀನಲ್ಲಿರೋದು ನಮ್ಮ ಪುಣ್ಯ, ನಮ್ಮ ಅಪ್ಪನಿಗೂ ಅಂಥದ್ದೇ ಇರಲಿ ಅಂತ. ಭಾರತಮ್ಮ, ಚೆನ್ನಾಗಿದೆ ಕಣೋ ಎಂದಳು. ಬೇರೆ ಏನು ಹೇಳೋದು, ಆ ಮುಖ ನೋಡಿದರೆ. ಅವಳ ಮೂಗಿಗೆ ಹೊಗೆ ತಾಗಿದ ಹಾಗಾಯಿತು, ತಾನು ಮದುವೆಯಾಗಿ ಬಂದಾಗ ಹೊಲದ ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿದ ಒಲೆಯ ಹೊಗೆ. ಹೊಸ ಸೀರೆ, ಕೊರಳಲ್ಲಿ ಅರಿಶಿನ ಇನ್ನೂ ಆರದ ತಾಳಿಯ ದಾರ, ಎದುರಿಗೆ ಎದೆಮಟ್ಟದ ಹಳೆಯ ಕಲ್ಲು. ಅರಿಶಿನ ಬಳಿದು ಬಳಿದು ಮೂಗು ಬಾಯಿ ಅಳಿಸಿಹೋಗಿದ್ದ ಒಂದು ಗಂಡು ಒಂದು ಹೆಣ್ಣು. ಗಂಡನ ಮನೆಯಲ್ಲಿ ಮದುವೆಯಾದ ಜೋಡಿಯನ್ನು ಮೊದಲು ಕರೆದುಕೊಂಡು ಬರುವುದೇ ಅಲ್ಲಿಗೆ. ಸುತ್ತು ಬಂದು ಕೈಮುಗಿದ ಮೇಲೆ ಗಂಡಸರು ಬದುವಿನ ಆಚೆ ಹೋಗಿ ನಿಲ್ಲಬೇಕು, ಹೊಸ ಸೊಸೆ ಅತ್ತೆಯ ಜೊತೆ ಕೂತು ಪೊಂಗಲು ಬೇಯಿಸಬೇಕು. ಯಾಕೆ ಅಂತ ಗಂಡಸರು ಕೇಳುತ್ತಿರಲಿಲ್ಲ. ಬೀಡಿ ಹಚ್ಚುವುದಕ್ಕೆ ಸಿಕ್ಕ ಬಿಡುವು ಅದು ಅಂದುಕೊಂಡಿದ್ದರು. ಅತ್ತೆ ಚಿಕ್ಕಗಂಗಮ್ಮನಿಗೆ ಗುಟ್ಟಿನ ಮಾತೆಲ್ಲ ತೆಲುಗಿನಲ್ಲೇ ಬರುತ್ತಿತ್ತು. ಸೌದೆ ಮುಂದಕ್ಕೆ ತಳ್ಳುತ್ತ, ಇವಳ ಕಡೆ ನೋಡದೆ, ಮೆಲ್ಲಗೆ ಹೇಳಿದ್ದಳು. ಆ ಕೈ ಆಶೀರ್ವಾದದ್ದಲ್ಲ. ಇವನು ಯಾವುದೋ ಜಗಳದಲ್ಲಿ ಸತ್ತ, ಇವಳನ್ನು ಅವನ ಜೊತೆಗೇ ಕಳಿಸಿದರು, ನಿಂಬೆಹಣ್ಣು ಹಿಡಿದು ಬೆಂಕಿಗೆ ಇಳಿದವಳ ಕೈ ಅದು, ಬಳೆ ಒಡೆಯದೆ ಹೋದವಳು ಅಂತ ತೋರಿಸೋದಕ್ಕೆ ಬಳೆ ಕೆತ್ತಿದ್ದಾರೆ. ನಮ್ಮತ್ತೆ ನನಗೆ ಹೇಳಿದ್ದರು, ನಾನು ನಿನಗೆ ಹೇಳಿದ್ದೀನಿ. ಕೊನೆಗೆ, ಮಗವಾಳ್ಳಕಿ ಚೆಪ್ಪೊದ್ದು ಎಂದಳು. ಗಂಡಸರಿಗೆ ಹೇಳಬೇಡ. ಯಾಕೆ ಎಂದು ಕೇಳಿದ್ದಳು ಭಾರತಮ್ಮ, ಆಗಿನ್ನೂ ಚಿಕ್ಕವಳು. ಅತ್ತೆ ಸೌಟಿನಲ್ಲಿ ಪೊಂಗಲು ತಿರುವುತ್ತ, ಹೇಳಿದ್ರೆ ಅವರಿಗೆ ಆಸೆ ಆಗುತ್ತೆ ಎಂದಳು.

ಅವತ್ತು ಪೊಂಗಲನ್ನು ಎಲೆಯಲ್ಲೇ ಬಿಟ್ಟು ಎದ್ದಿದ್ದಳು. ಬದುವಿನ ಆಚೆ ಗಂಡ ಯಾವುದಕ್ಕೋ ನಗುತ್ತಿದ್ದ ದನಿ ಕೇಳುತ್ತಿತ್ತು. ಆಮೇಲೆ ಎಷ್ಟೋ ವರ್ಷ, ಆ ಕಡೆ ಸೊಪ್ಪು ಕುಯ್ಯಲು ಹೋದಾಗ ಆ ಕಲ್ಲಿಗೆ ಬೆನ್ನು ಮಾಡಿಯೇ ಕೂರುತ್ತಿದ್ದಳು. ಸುನಂದ ಮದುವೆಯಾಗಿ ಬಂದಾಗ, ಇವಳ ಸರದಿ ಬಂದಿತ್ತು. ಅದೇ ಮರ, ಅದೇ ಮೂರು ಕಲ್ಲು. ಹುಡುಗಿ ಡಿಗ್ರಿ ಓದಿದವಳು, ರೇಷ್ಮೆ ಸೀರೆಯಲ್ಲಿ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿದ್ದಳು. ಭಾರತಮ್ಮ ಬಾಯಿ ತೆರೆದಳು, ತೆರೆದವಳು ಬೆಲ್ಲ ಸಾಕಾ ನೋಡಮ್ಮ ಎಂದಷ್ಟೇ ಹೇಳಿದಳು. ಈ ಮಾತು ನನ್ನ ಜೊತೆಗೇ ಮುಗೀಲಿ ಎಂದು ತೀರ್ಮಾನಿಸಿದ್ದಳು. ತಾನಾಗಿ ಮಾಡಿದ ಕೆಲಸಗಳಲ್ಲಿ ಅದೊಂದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ನೋಡಿದರೆ, ಹೇಳದೆ ಬಿಟ್ಟ ಮಾತು ಮಾಲೂರು ರಸ್ತೆಯಲ್ಲಿ ಕಲ್ಲಾಗಿ ನಿಂತಿತ್ತು, ಅದೂ ಅವಳ ಮುಖ ಅಂಟಿಸಿಕೊಂಡು. ಸುನಂದಳಿಗೆ ಹೇಳಿದ್ದರೆ ಅವಳು ಈ ಕೆಲಸಕ್ಕೆ ಬಿಡುತ್ತಿದ್ದಳೇ. ಆದರೂ ಹೇಳದೇ ಇದ್ದದ್ದು ತಪ್ಪು ಎಂದು ಅವಳಿಗೆ ಈಗಲೂ ಅನ್ನಿಸಲಿಲ್ಲ. ಹೊಸ ಹುಡುಗಿಯ ಮೊದಲನೇ ಪೊಂಗಲಲ್ಲಿ ಅಂಥ ಮಾತನ್ನು ಬೇಯಿಸುವುದಾದರೂ ಯಾಕೆ.

ಟೀ ಬಂತು. ಕೆತ್ತದೆ ಬಿದ್ದಿದ್ದ ಒಂದು ಕಲ್ಲಿನ ಮೇಲೆ ಕೂತು ಪೇಪರ್ ಲೋಟ ಹಿಡಿದಳು. ಮುರಳಿ, ಕದಿರೇಶ್ ಇಬ್ಬರೂ ಕಲ್ಲನ್ನು ಸಾಗಿಸುವ ಟೆಂಪೊ, ಹೊಲದ ದಾರಿ, ಇಳಿಸುವ ಜನ ಎಂದು ಮಾತಾಡುತ್ತಿದ್ದರು. ಮಾತಿನ ನಡುವೆ ಮುರಳಿ ಚಿಕ್ಕಪ್ಪನ ಹೆಸರೆತ್ತಿದ. ಅವನ ಚಿಕ್ಕಪ್ಪ, ಎಂದರೆ ಇವಳ ಮೈದುನ ಕೋದಂಡರಾಮಪ್ಪ, ಕಲ್ಲಿನ ಯೋಚನೆ ಕೇಳಿ ಕಣ್ಣಲ್ಲಿ ನೀರು ಹಾಕಿಕೊಂಡನಂತೆ. ಅತ್ತಿಗೆಗೆ ಇದೇ ಸರಿ ಕಣೋ, ಅವತ್ತು ಅಣ್ಣನ ಜೊತೆ ಹೋಗೇಬಿಡ್ತಿದ್ರು, ನೀರು ಚಿಮುಕಿಸಿ ಉಳಿಸ್ಕೊಂಡ್ವಿ ಎಂದನಂತೆ. ಟೀ ಬಾಯಿ ಸುಟ್ಟಿತು. ಅವತ್ತಿನ ಕಥೆ ಅದು. ಮಣ್ಣು ಮಾಡಿ ಬಂದು, ನಡುಮನೆಯಲ್ಲಿ ದೀಪ ಹಚ್ಚಿಟ್ಟು, ಹೆಂಗಸರೆಲ್ಲ ಸುತ್ತ ಕೂತು ಅಳುತ್ತಿದ್ದಾಗ, ಗೋಡೆಗೆ ಒರಗಿದ ಭಾರತಮ್ಮ ಹಾಗೇ ವಾಲಿಬಿಟ್ಟಿದ್ದಳು. ಯಾರೋ ಕೂಗಿದರು, ಜ್ಞಾನ ತಪ್ಪಿದೆ ಎಂದರು, ಮುಖಕ್ಕೆ ತಣ್ಣೀರು ಹಾಕಿದರು, ಹಲ್ಲಿನ ನಡುವೆ ಚಮಚ ತೂರಿಸಿದರು. ಎಚ್ಚರವಾದಾಗ ಕೋದಂಡರಾಮಪ್ಪ ಅವಳ ಕಾಲ ಹತ್ತಿರ ಕೂತು, ನೀವೂ ನಮ್ಮನ್ನ ಬಿಟ್ಟು ಹೋಗ್ಬೇಡಿ ಅತ್ತಿಗೆ ಎಂದು ಗೋಳಾಡುತ್ತಿದ್ದ. ಜ್ಞಾನ ತಪ್ಪಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಯಾರೂ ಕರೆಯದ ಒಂದು ಗಳಿಗೆ ಸಿಕ್ಕಿತ್ತು, ಕಣ್ಣು ಮುಚ್ಚಿಹೋಗಿತ್ತು. ಅಷ್ಟು ಜನರ ಮುಂದೆ ಹೇಗೆ ಹೇಳೋದು ಎಂದು ಸುಮ್ಮನಿದ್ದಳು. ಸುಮ್ಮನಿದ್ದದ್ದು ಊರಿನಲ್ಲಿ ಬೆಳೆದು, ಕೋಲಾರ ದಾಟಿ, ಇಲ್ಲಿ ಬಂದು ಕೈ ಎತ್ತಿ ನಿಂತಿತ್ತು. ಬರುವ ವಾರ ಅದು ಹೊಲಕ್ಕೆ ಬರುತ್ತದೆ. ದಿನಾ ಸೊಪ್ಪಿಗೆ ಹೋಗುವಾಗ ಬರುವಾಗ ಅದರ ಮುಂದೆ ಹಾದುಹೋಗಬೇಕು. ನೀನಿನ್ನೂ ಇಲ್ಲೇ ಓಡಾಡ್ತಿದೀಯಾ ಎಂದು ಅದು ಕೇಳುತ್ತದೆ. ನೆಂಟರು ಅದಕ್ಕೆ ಅರಿಶಿನ ಬಳಿಯುತ್ತಾರೆ, ಇವಳಿಗೆ ಬಳಿಯದ ಅರಿಶಿನ. ಬದುಕಿದ್ದು ತಪ್ಪು ಎನ್ನುವ ಹಾಗೆ ಬದುಕಬೇಕು. ಬೇಡ, ನನಗೆ ಬೇಡ ಎಂದು ಅವಳ ಮನಸ್ಸು ಸ್ಪಷ್ಟವಾಗಿ ಹೇಳಿತು. ಅವಳಿಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಸುನಂದ ಬಂದು ಪಕ್ಕದಲ್ಲಿ ಕೂತಳು. ಟೀ ಕುಡೀಲೇ ಇಲ್ವಲ್ಲ ಅತ್ತೆ ಎಂದಳು. ಭಾರತಮ್ಮ ಅವಳ ಕಡೆ ನೋಡದೆ, ಲೋಟವನ್ನೇ ತಿರುವುತ್ತ ಹೇಳತೊಡಗಿದಳು. ಹಿಂದೆ ಅತ್ತೆ ಹೇಳಿದ ಹಾಗೇ ಮೆಲ್ಲಗೆ, ಸ್ವಲ್ಪ ತೆಲುಗು ಸ್ವಲ್ಪ ಕನ್ನಡ. ಆ ಕೈ ಯಾರದು, ಬಳೆ ಯಾಕೆ, ನಿಂಬೆಹಣ್ಣು ಯಾಕೆ. ನಿನಗೆ ಹೇಳಬೇಕಿತ್ತು, ಹೇಳಲಿಲ್ಲ ಎಂದಳು. ಸುನಂದ ಕಲ್ಲಿನ ಕಡೆ ಒಮ್ಮೆ ನೋಡಿ, ಅತ್ತೆಯ ಕಡೆ ತಿರುಗಿದಳು.

"ಅತ್ತೆ, ನಿಮಗೆ ಅವತ್ತು ಹೋಗ್ಬಿಡ್ಬೇಕು ಅನ್ನಿಸಿತ್ತಾ?"

"ಇಲ್ಲ ಕಣಮ್ಮ. ಜ್ಞಾನಾನೂ ತಪ್ಪಿರಲಿಲ್ಲ. ನಿದ್ದೆ ಮಾಡ್ತಿದ್ದೆ."

"ಗೊತ್ತು," ಎಂದಳು ಸುನಂದ. "ಗೊರಕೆ ಹೊಡೀತಿದ್ರಿ. ನಾನು ಪಕ್ಕದಲ್ಲೇ ಇದ್ನಲ್ಲ."

ಭಾರತಮ್ಮನಿಗೆ ಮೊದಲು ಕಿವಿ ಬಿಸಿಯಾಯಿತು. ಒಂದು ವರ್ಷದಿಂದ ಈ ಹುಡುಗಿ ಬೆಳಿಗ್ಗೆ ಬಾಗಿಲು ತಟ್ಟುತ್ತಿದ್ದಾಳೆ, ತಾನು ಎದ್ದೇ ಇದ್ದೆ ಎನ್ನುತ್ತಿದ್ದೇನೆ, ಅವಳು ಹೌದಾ ಅತ್ತೆ ಎನ್ನುತ್ತಿದ್ದಾಳೆ. ಆಮೇಲೆ, ನಗು ಬಂದುಬಿಡುತ್ತದೇನೋ ಎಂದು ಹೆದರಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಸುನಂದ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು, ನಿಮ್ಮ ಮಗನಿಗೆ ಬೇರೆ ಏನಾದ್ರೂ ಹೇಳೋಣ ಎಂದಳು. ಬದುಕಿರೋರ ಮೂರ್ತಿ ಸಮಾಧಿ ಮೇಲೆ ಇಡಬಾರದು, ಶಾಸ್ತ್ರದಲ್ಲಿಲ್ಲ ಅಂತ ಪುರೋಹಿತರ ಹತ್ತಿರ ಹೇಳಿಸೋಣ, ಅವರಿಗೂ ಬೇಜಾರಾಗಲ್ಲ. ಒಳ್ಳೆಯ ಉಪಾಯ. ಮಗನ ಮುಖ ಬಾಡುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ, ಕಲ್ಲು ಬೇರೆ ಆಗುತ್ತದೆ. ಭಾರತಮ್ಮ ಆ ಉಪಾಯವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದಳು. ಬದುವಿನ ಆಚೆ ಗಂಡಸರು ನಿಂತು ಬೀಡಿ ಸೇದುವುದು, ಈಚೆ ಹೆಂಗಸರು ಹೊಗೆಯಲ್ಲಿ ಪಿಸುಗುಟ್ಟುವುದು, ಪುರೋಹಿತರು ನಡುವೆ ಬಂದು ಇನ್ನೊಂದು ಸುಳ್ಳು ಹೇಳುವುದು. ಸಾಕಾಗಿತ್ತು ಅವಳಿಗೆ. ಲೋಟ ಕೆಳಗಿಟ್ಟು ಎದ್ದಳು.

ಮುರಳಿ ಟೇಪು ಹಿಡಿದು ಕಲ್ಲಿನ ಬುಡ ಅಳೆಯುತ್ತಿದ್ದ. ಅವಳು ಅವನ ಹತ್ತಿರ ಹೋಗಿ ನಿಂತಳು. ಎಲ್ಲರ ಮುಂದೆ ಹೇಳುವಷ್ಟು ಜೋರಾಗಿಯೂ ಅಲ್ಲ, ಗುಟ್ಟಿನ ದನಿಯಲ್ಲೂ ಅಲ್ಲ, ಹಾಲಿನ ಡೇರಿಯಲ್ಲಿ ಮಾತಾಡುವ ಹಾಗೆ ಹೇಳಿದಳು.

"ಮುರಳಿ, ಅದು ಆಶೀರ್ವಾದದ ಕೈ ಅಲ್ಲ ಕಣೋ. ಗಂಡನ ಜೊತೆ ಬೆಂಕಿಗೆ ಹೋದೋಳ ಕೈ ಅದು. ನಮ್ಮತ್ತೆ ಹೇಳಿದ್ದು. ನಾನು ಹೋಗಿಲ್ಲ. ನನಗೆ ಹೋಗೋಕೆ ಇಷ್ಟಾನೂ ಇಲ್ಲ."

ಟೇಪು ಸರಕ್ಕನೆ ಡಬ್ಬಿಯೊಳಗೆ ಸೇರಿಕೊಂಡಿತು. ಮುರಳಿ ಕಲ್ಲು ನೋಡಿದ, ಅವಳನ್ನು ನೋಡಿದ, ಹಿಂದೆ ನಿಂತಿದ್ದ ಹೆಂಡತಿಯನ್ನು ನೋಡಿದ. ಅವನಿಗೆ ಮದುವೆಯಲ್ಲಿ ತಾನು ಆ ಕಲ್ಲಿಗೆ ಸುತ್ತು ಬಂದದ್ದು ನೆನಪಾಯಿತೋ ಏನೋ, ಕಿವಿ ಕೆಂಪಾಯಿತು. ನಾನು ನೀನು ಸಾಯಲಿ ಅಂತ ಮಾಡಿಸ್ತೀನಾ ಅಮ್ಮ ಎಂದ, ದನಿ ಒಡೆದುಹೋಗಿತ್ತು. ಇಲ್ಲಪ್ಪ, ನಿನಗೇನು ಗೊತ್ತು, ನಿನಗೆ ಯಾರೂ ಹೇಳಿರಲಿಲ್ಲ ಎಂದಳು. ಅವನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು, ಮೀಸೆ ನರೆತ ಮಗನನ್ನು ಶೆಡ್ಡಿನಲ್ಲಿ ಹೇಗೆ ತಬ್ಬಿಕೊಳ್ಳೋದು ಎಂದು ಅವನ ಅಂಗಿಯ ತೋಳಿಗೆ ಹತ್ತಿದ್ದ ಬಿಳಿ ಪುಡಿ ಕೊಡವಿದಳು. ಅವನು ತೋಳು ಎಳೆದುಕೊಳ್ಳಲಿಲ್ಲ. ಕದಿರೇಶ್ ಮಾತ್ರ ಬೆಚ್ಚಿದ್ದ. ಸಾರ್ ಫೋಟೋ ಕೊಟ್ರು, ಅದರಲ್ಲಿದ್ದಂಗೆ ಹೊಡೆದಿದ್ದೀನಿ, ನನಗೆ ಅದೆಲ್ಲ ಗೊತ್ತಿಲ್ಲಮ್ಮ ಎಂದು ಕೈಮುಗಿದ. ನಿನ್ನ ತಪ್ಪೇನಿಲ್ಲ, ಆ ಕೈ ಇಳಿಸೋಕಾಗುತ್ತಾ ಎಂದು ಕೇಳಿದಳು. ಇಳಿಸೋಕಾಗಲ್ಲ, ಕಲ್ಲಲ್ವಾ, ತೆಗೆದುಹಾಕ್ಬಹುದು ಅಷ್ಟೇ. ಆದ್ರೆ ಆ ಜಾಗ ಬೋಳಾಗಿ ಕಾಣುತ್ತೆ, ನೋಡಿದೋರು ಕೇಳ್ತಾರೆ ಎಂದ. ಕೇಳಲಿ ಎಂದಳು. ಬಳೆ ಹಾಕಿರೋ ಕೈಗೆ ಉಳಿ ಇಡೋಕೆ ಅವನಿಗೆ ಮನಸ್ಸಿರಲಿಲ್ಲ, ನೀವು ಹೋದ ಮೇಲೆ ಮಾಡ್ತೀನಿ ಎಂದ. ಭಾರತಮ್ಮ ಮತ್ತೆ ಅದೇ ಕಲ್ಲಿನ ಮೇಲೆ ಹೋಗಿ ಕೂತಳು. ನಾನು ಇಲ್ಲೇ ಇರ್ತೀನಿ, ಮಾಡು ಎಂದಳು. ಅವನು ಮುರಳಿಯ ಕಡೆ ನೋಡಿದ. ಮುರಳಿ ತಲೆ ತಗ್ಗಿಸಿಯೇ, ಅಮ್ಮ ಹೇಳಿದಂಗೆ ಮಾಡಿ ಎಂದ.

ಕದಿರೇಶ್ ಮೊದಲು ಕಲ್ಲಿಗೆ ಕೈಮುಗಿದ. ನಿಂಬೆಹಣ್ಣು ಒಂದೇ ಏಟಿಗೆ ಹಾರಿತು. ಬೆರಳುಗಳು ಉಳಿಯಲ್ಲಿ ಹೋದವು, ಬಳೆಗಳಿಗೆ ಗ್ರೈಂಡರು ಹಿಡಿದ. ಪುಡಿ ಏಳತೊಡಗಿತು, ಸುನಂದ ಮೂಗಿಗೆ ಸೆರಗು ಹಿಡಿದಳು, ಮುರಳಿ ರಸ್ತೆಯ ಕಡೆ ಮುಖ ಮಾಡಿ ನಿಂತ. ಭಾರತಮ್ಮ ನೋಡುತ್ತಲೇ ಇದ್ದಳು. ಮಣ್ಣು ಮಾಡಿದ ಹನ್ನೊಂದನೆಯ ದಿನ ಬಾವಿಯ ಹತ್ತಿರ ಕೂರಿಸಿ ಅವಳ ಬಳೆಗಳನ್ನು ಕಲ್ಲಿನಿಂದ ಕುಟ್ಟಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮಣಿಕಟ್ಟಿಗೆ ಗಾಜಿನ ಚೂರು ಚುಚ್ಚಿ ರಕ್ತ ಬಂದಿತ್ತು, ಯಾರೂ ಗಮನಿಸಿರಲಿಲ್ಲ. ಆ ಗೀರು ಈಗ ಬಿಳಿಯ ಗೆರೆಯಾಗಿದೆ. ಹೆಬ್ಬೆರಳಿನಿಂದ ಅದನ್ನು ಉಜ್ಜುತ್ತ ಕೂತಳು. ಕಲ್ಲಿನ ಮೇಲಿದ್ದ ಗಂಡನ ಮುಖದ ಮೇಲೂ ಪುಡಿ ಕೂತು, ಹುಬ್ಬಿನ ಸಿಡುಕು ಮುಚ್ಚಿಹೋಗಿತ್ತು. ವಯಸ್ಸಾದವರು ಸ್ನೋ ಹಚ್ಚಿಕೊಂಡ ಹಾಗೆ ಕಾಣುತ್ತಿದ್ದರು. ಅವರನ್ನು ನೋಡಿ ಅವಳಿಗೆ ಪಾಪ ಎನ್ನಿಸಿತು. ಇದ್ದಿದ್ದರೆ, ಲೇ, ಏನೇ ಇದೆಲ್ಲ ಎಂದು ಒಂದು ಸಲ ಕೇಳುತ್ತಿದ್ದರು. ಇವಳು ಹೇಳುತ್ತಿದ್ದಳು. ಬಹುಶಃ ಎರಡು ದಿನ ಮಾತು ಬಿಡುತ್ತಿದ್ದರು, ಮೂರನೆಯ ದಿನ ಟವಲು ಎಲ್ಲಿ ಎನ್ನುತ್ತಿದ್ದರು.

ವಾಪಸು ಬರುವಾಗಲೂ ಅವಳು ಕಿಟಕಿಯ ಗಾಜು ಇಳಿಸಿಯೇ ಕೂತಳು. ಹೊಲದ ಹತ್ತಿರ ಬಂದಾಗ ಇಲ್ಲೇ ಇಳಿಸು ಎಂದಳು. ಬಿಸಿಲು ತಗ್ಗಿತ್ತು. ಹಿಪ್ಪುನೇರಳೆ ಸಾಲಿನ ನಡುವೆ ನಡೆದು, ಗಂಡ ಹೋದಾಗಿನಿಂದ ಅವಳು ಬಳಸಿಕೊಂಡು ಹೋಗುತ್ತಿದ್ದ ಆಚೆಯ ದಾರಿ ಬಿಟ್ಟು, ನೇರವಾಗಿ ಹೊಂಗೆ ಮರದ ಕೆಳಗೆ ಹೋದಳು. ಜೋಡಿಗಲ್ಲಿನ ಹತ್ತಿರ ಗಂಡ ಸತ್ತವಳು ಹೋಗಬಾರದು. ಯಾರು ಮಾಡಿದ ನಿಯಮವೋ, ಅದಕ್ಕೂ ಕಾರಣ ಕೇಳಿದವರಿಲ್ಲ. ಕಲ್ಲಿನ ಎದುರಿಗೆ ಕೂತಳು, ಈ ಸಲ ಮುಖ ಮಾಡಿ. ಮೂಗಿಲ್ಲದ, ಬಾಯಿಲ್ಲದ, ಅರಿಶಿನ ಒಣಗಿ ಬಿರಿದ ಮುಖ. ಮೇಲಕ್ಕೆ ಎದ್ದ ಕೈ. ಹೆಸರು ಯಾರಿಗೂ ಗೊತ್ತಿಲ್ಲ. ಈ ಕಲ್ಲಿನವಳಿಗೂ ಬೆಳಿಗ್ಗೆ ಎದ್ದು ಹಾಲು ಕರೆಯುವ ಕೆಲಸವಿದ್ದಿರಬಹುದು, ಗಂಡ ಕೂಗದ ಒಂದು ಮಧ್ಯಾಹ್ನ ಬೇಕು ಎನ್ನಿಸಿದ್ದಿರಬಹುದು. ನಿನಗೆ ನಿದ್ದೆ ಬಂದಿತ್ತೇನೋ ಕಣೇ, ಯಾರೂ ನಿನ್ನನ್ನ ಕೇಳಲಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದಳು ಭಾರತಮ್ಮ. ಹೇಳಿದ ಮೇಲೆ ಅಳು ಬಂತು. ಒಂದು ವರ್ಷದಿಂದ ಎಲ್ಲರೂ ಕಾದಿದ್ದ ಅಳು ಅದು. ಗಂಡನಿಗಾಗಿ ಸ್ವಲ್ಪ, ಈ ಹೆಸರಿಲ್ಲದವಳಿಗಾಗಿ ಸ್ವಲ್ಪ. ಚೆನ್ನಾಗಿ ಅತ್ತು, ಮೂಗು ಒರೆಸಿಕೊಂಡು, ಬಂದದ್ದಕ್ಕೆ ಇರಲಿ ಎಂದು ಹಸುವಿಗೆ ಒಂದು ಹೊರೆ ಹುಲ್ಲು ಕುಯ್ದುಕೊಂಡು ಮನೆಗೆ ಹೋದಳು.

ತಿಥಿಯ ದಿನ ಕಲ್ಲು ನಿಂತಿತು. ಮುರಳಿ ಅಷ್ಟು ದಿನವೂ ಅವಳ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದ್ದ. ಪೂಜೆ ಮುಗಿದು, ಹೊಲದಲ್ಲೇ ಶಾಮಿಯಾನದ ಕೆಳಗೆ ಗಂಡಸರು ಊಟಕ್ಕೆ ಕೂತರು. ಎದುರಿಗೇ ಕಲ್ಲು. ವೆಂಕಟರಾಯಪ್ಪನ ಪಕ್ಕ ನಿಂತ ಹೆಂಗಸಿನ ಬಲಭುಜದ ಪಕ್ಕ ಒರಟಾಗಿ ಕೆರೆದ, ಗೇಣುದ್ದದ ಒಂದು ಬೋಳು ಜಾಗ. ಎಲ್ಲರೂ ನೋಡಿದರು, ನೋಡಿ ಪಕ್ಕದವರ ಮುಖ ನೋಡಿದರು. ಅನ್ನದ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಬಡಿಸಿಕೊಂಡು ಬರುತ್ತಿದ್ದ ಭಾರತಮ್ಮನಿಗೆ, ಈ ಪ್ರಶ್ನೆ ಎಲ್ಲಿಂದ ಬರುತ್ತದೆಂದು ಗೊತ್ತಿತ್ತು. ಕೋದಂಡರಾಮಪ್ಪ ಎಲೆಯ ಮುಂದೆ ಕೂತು ಕತ್ತೆತ್ತಿ ನೋಡುತ್ತಿದ್ದ.

"ಮುರಳಿ, ಏನೋ ಇದು, ತರೋವಾಗ ಮುರೀತಾ? ಅತ್ತಿಗೆ ಕೈ ಎಲ್ಲೋ?"

ಪಲ್ಯ ಬಡಿಸುತ್ತಿದ್ದ ಮುರಳಿ ನಿಂತ. ಹೌದು ಚಿಕ್ಕಪ್ಪ, ಟೆಂಪೊದಲ್ಲಿ ಮುರೀತು ಎಂದುಬಿಟ್ಟರೆ ಮುಗಿಯಿತು. ಎಲ್ಲರೂ ಅಯ್ಯೋ ಎಂದು ಊಟ ಮಾಡುತ್ತಾರೆ. ಭಾರತಮ್ಮನೂ ನಿಂತಳು. ಅವನು ಅವಳ ಕಡೆ ನೋಡಿದ, ಆ ದಿನದ ನಂತರ ಮೊದಲ ಸಲ ನೆಟ್ಟಗೆ ನೋಡಿದ.

"ಮುರೀಲಿಲ್ಲ ಚಿಕ್ಕಪ್ಪ, ನಾನೇ ತೆಗೆಸ್ದೆ," ಎಂದ.

ಯಾಕೋ, ಬಂಗಾರದಂಥ ಕೈ, ಅಣ್ಣನ ಜೊತೆಗೇ ಹೊರಟಿದ್ದ ಜೀವ ಅದು ಎಂದು ಕೋದಂಡರಾಮಪ್ಪ ಶುರುಮಾಡಿದ. ಭಾರತಮ್ಮ ಅವನ ಎಲೆಯ ಮುಂದೆ ಬಂದು ಬಗ್ಗಿ, ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಬಲಗೈಯಲ್ಲಿ ಸೌಟು ತುಂಬ ಅನ್ನ ಎತ್ತಿದಳು.

"ನನ್ನ ಕೈ ಇಲ್ಲೇ ಇದೆಯಲ್ಲ ಕೋದಂಡ. ಎಲೆ ಮುಂದಕ್ಕೆ ಎಳ್ಕೋ."

ಅವನು ಕಲ್ಲನ್ನು ನೋಡಿದ, ಕೈಯನ್ನು ನೋಡಿದ, ಎಲೆಯನ್ನು ಮುಂದಕ್ಕೆ ಎಳೆದುಕೊಂಡ. ಅವಳು ಅನ್ನ ಬಡಿಸಿ, ಸಾರು ತಾರಮ್ಮ ಎಂದು ಸುನಂದಳನ್ನು ಕರೆದು, ಮುಂದಿನ ಎಲೆಗೆ ಹೋದಳು.